ಅಡುಗೆ ಆಗುತ್ತಿತ್ತು, ಸ್ವಾಮಿ

ಗಂಡಸಾದವನು ಯಾವುದಕ್ಕೆ ನಾಚಿಕೆಪಡಬೇಕು, ಯಾವುದಕ್ಕೆ ಪಡಬಾರದು ಎಂಬುದನ್ನು ಚಿಕ್ಕಂದಿನಲ್ಲೇ ಯಾರಾದರೂ ಸರಿಯಾಗಿ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು. ನನಗೆ ಹೇಳಿಕೊಟ್ಟವರು ಎಲ್ಲವನ್ನೂ ತಲೆಕೆಳಗು ಮಾಡಿಬಿಟ್ಟರು. ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತು, ಯಾರಾದರೂ ಹತ್ತಿದ ಕೂಡಲೇ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಳ್ಳಲು ನನಗೆ ಒಂದು ದಿನವೂ ನಾಚಿಕೆಯಾಗಿಲ್ಲ. ನಂಜನಗೂಡಿನಿಂದ ತಿ. ನರಸೀಪುರದವರೆಗೂ ಹಾಗೇ ಕಣ್ಣು ಮುಚ್ಚಿಕೊಂಡು ಬಂದಿದ್ದೇನೆ. ಆದರೆ ಕೈಯಲ್ಲಿ ಸೌಟಿರುವಾಗ ಯಾರಾದರೂ ಬಾಗಿಲು ತಟ್ಟಿದರೆ ಸಾಕು, ನನ್ನ ಎದೆ ಡವಡವ ಎನ್ನುತ್ತದೆ. ಈ ಹಾಳು ಡವಡವದಿಂದಾಗಿ ಒಬ್ಬ ಹೆಂಗಸು ತನ್ನ ಮನೆಯ ದಾರಿ ಕಳೆದುಕೊಂಡಳು, ಇನ್ನೊಬ್ಬಳು ಸುಳ್ಳುಗಾತಿ ಎನಿಸಿಕೊಂಡಳು. ಆ ಇನ್ನೊಬ್ಬಳು ನನ್ನ ಹೆಂಡತಿ.

ನಾನು ನಂಜನಗೂಡಿನವನು, ಈಗ ಇರುವುದು ತಿ. ನರಸೀಪುರದಲ್ಲಿ. ಹೆಂಡತಿ ವಿಶಾಲುವಿನ ತವರು ಬನ್ನೂರು. ನಿವೃತ್ತನಾದ ಹೊಸದರಲ್ಲಿ ಅವಳ ಬಲಭುಜ ಹಿಡಿದುಕೊಂಡು, ಕೈ ಮೇಲೆತ್ತಲು ಆಗದೆ ಹೋಯಿತು. ಡಾಕ್ಟರು ಪಾತ್ರೆ ಪಗಡೆ ಎತ್ತಬೇಡಿ ಅಂದರು. ಬೇರೆ ದಾರಿಯಿಲ್ಲದೆ ನಾನು ಒಲೆಯ ಮುಂದೆ ನಿಂತೆ. ನನ್ನ ಮೊದಲ ಉಪ್ಪಿಟ್ಟನ್ನು ಚಾಕುವಿನಲ್ಲಿ ಕತ್ತರಿಸಿ ತಿಂದೆವು. ಆಮೇಲೆ ಕೈ ಪಳಗಿತು. ಭುಜ ಸುಮಾರಾಗಿ ವಾಸಿಯಾದರೂ ನಾನು ಅಡುಗೆಮನೆ ಬಿಡಲಿಲ್ಲ, ನಿಜ ಹೇಳಬೇಕೆಂದರೆ ಅಲ್ಲಿ ನನಗೆ ಖುಷಿಯಾಗುತ್ತಿತ್ತು. ನನ್ನ ಬಸ್ಸಾರಿನ ರುಚಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಬಹಳ ಚೆನ್ನಾಗಿರುತ್ತದೆ. ಬೆಳಗಿನ ಹೊತ್ತು ವಿಶಾಲು ಜಗಲಿಯ ಮೇಲೆ ಕೂತು ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಓದುತ್ತಿದ್ದಳು, ನಾನು ಒಳಗೆ ಒಗ್ಗರಣೆ ಹಾಕುತ್ತಿದ್ದೆ. ಇದು ಬೀದಿಗೆ ಗೊತ್ತಾಗದ ಹಾಗೆ ಕಿಟಕಿ ಮುಚ್ಚಿರುತ್ತಿತ್ತು. ಬಾಗಿಲು ತಟ್ಟಿದರೆ ಸೊಂಟದ ಟವೆಲು ಬಿಚ್ಚಿ ಅಕ್ಕಿ ಡಬ್ಬದ ಹಿಂದೆ ತುರುಕಿ, ಓಡಿಬಂದು ಆರಾಮಕುರ್ಚಿಯಲ್ಲಿ ಕೂತು, ಕೈಗೆ ಸಿಕ್ಕಿದ್ದನ್ನು ಓದುತ್ತಿದ್ದೆ. ಒಂದು ಸಲ ಯಾರದೋ ಮದುವೆಯ ಕರೆಯೋಲೆಯನ್ನು ಹುಬ್ಬು ಗಂಟಿಕ್ಕಿ ಓದಿದ್ದೂ ಉಂಟು.

ನಾನು ಮಾಡುತ್ತಿದ್ದುದು ಕೋರ್ಟಿನಲ್ಲಿ ಬೆರಳಚ್ಚುಗಾರನ ಕೆಲಸ. ಯಾವ ಊರಿನ ಕೋರ್ಟು ಎಂದು ಕೇಳಬೇಡಿ, ಉಂಡ ಮನೆಯ ಹೆಸರು ಹೇಳುವುದಿಲ್ಲ. ಸಾಹೇಬರು ಹೇಳುತ್ತಾ ಹೋಗುತ್ತಿದ್ದರು, ನಾನು ಕುಟ್ಟುತ್ತಾ ಹೋಗುತ್ತಿದ್ದೆ. 'ಹೆಂಗಸರ ಸಹಜ ದೌರ್ಬಲ್ಯ', 'ಮರ್ಯಾದಸ್ಥ ಮನೆತನದ ಹೆಣ್ಣುಮಗಳು ಹೀಗೆ ವರ್ತಿಸಲಾರಳು', 'ಸಂಸಾರಸ್ಥ ಹೆಂಗಸಿಗೆ ಒಪ್ಪುವಂಥದ್ದಲ್ಲ', ಇಂಥ ಮಾತುಗಳು ಬಂದಾಗ ನನ್ನ ಬೆರಳುಗಳು ಸಾಹೇಬರ ಬಾಯಿಗಿಂತ ಮುಂದೆ ಓಡುತ್ತಿದ್ದವು. ಗಂಡಸರ ಬಗ್ಗೆ ಇಷ್ಟೊಂದು ವಿವರ ಇರುತ್ತಿರಲಿಲ್ಲ. ಪ್ರತಿವಾದಿ ವ್ಯಾಪಾರಸ್ಥರು, ಅಷ್ಟೇ. ಗಂಡಸಿನ ಸಹಜ ಗುಣ ಯಾವುದೆಂದು ಸರ್ವೀಸು ಮುಗಿಯುವವರೆಗೂ ಒಬ್ಬರೂ ನನಗೆ ಡಿಕ್ಟೇಷನ್ ಕೊಡಲಿಲ್ಲ. ಇಂಥ ಮಾತು ಇನ್ನು ಮೇಲೆ ಬರೆಯಬಾರದೆಂದು ಈಗ ಮೇಲಿನವರು ಹೇಳುತ್ತಿದ್ದಾರಂತೆ. ಆಗ ನನಗೆ ಅದರಲ್ಲಿ ತಪ್ಪೇ ಕಂಡಿರಲಿಲ್ಲ. ಎಂಥ ಗತ್ತಿನ ಭಾಷೆ ಎಂದು ಮನೆಗೆ ಬಂದು ವಿಶಾಲುವಿಗೆ ಹೇಳಿ ತೋರಿಸುತ್ತಿದ್ದೆ. ಅವಳು "ಹೂಂ" ಎಂದು ಬೆಂಡೆಕಾಯಿ ಹೆಚ್ಚುತ್ತಿದ್ದಳು.

ಈಗ ಗೌರಮ್ಮನ ವಿಷಯ. ನಮ್ಮ ಪಕ್ಕದ ಮನೆಯವಳು, ಗಂಡ ಇಲ್ಲ, ಬ್ಲೌಸು ಹೊಲಿದು ಜೀವನ ಮಾಡುತ್ತಾಳೆ. ಅವಳ ಮನೆಗೆ ಬೀದಿಯಿಂದ ಒಂದು ಓಣಿ, ಓಣಿಯ ಕೊನೆಯಲ್ಲಿ ಕಲ್ಲಿನ ಮೆಟ್ಟಿಲು. ಓಣಿಯ ಆಚೆಗೆ ಹಾರ್ಡ್‌ವೇರ್ ಅಂಗಡಿ ಶಿವಣ್ಣನ ಗೋಡೌನು. ಒಂದು ದಿನ ಬೆಳಗ್ಗೆ ಏಳರ ಹೊತ್ತಿಗೆ, ಗೌರಮ್ಮ ತಂಗಿಯ ಬಾಣಂತನಕ್ಕೆಂದು ತಗಡೂರಿಗೆ ಹೋಗಿದ್ದಾಗ, ಶಿವಣ್ಣ ಆಳುಗಳನ್ನು ಕರೆತಂದು ಹಾರೆ ಹಾಕಿ ಮೆಟ್ಟಿಲು ಕೀಳಿಸಿದ. ಜಗಲಿಯ ಮೇಲಿದ್ದ ವಿಶಾಲು ನೋಡಿದಳು. "ರೀ, ಬನ್ನಿ ಇಲ್ಲಿ! ಗೌರಮ್ಮನ ಮೆಟ್ಲು ಕೀಳ್ತಾ ಇದಾರೆ!" ಎಂದು ಕೂಗಿದಳು. "ಇರೇ, ಸಾಸಿವೆ ಸಿಡೀತಾ ಇದೆ!" ಅಂದೆ ನಾನು. ಒಲೆ ಆರಿಸಿ, ಟವೆಲು ಬಚ್ಚಿಟ್ಟು, ಕೈ ತೊಳೆದು, ಅಡುಗೆಮನೆಯಿಂದ ಬಂದವನೆಂದು ಕಾಣಬಾರದಲ್ಲ ಎಂದು ಶರಟು ಹಾಕಿ ತಲೆ ಬಾಚಿಕೊಂಡು ಹೊರಗೆ ಬರುವಷ್ಟರಲ್ಲಿ ಮೆಟ್ಟಿಲು ಲಾರಿ ಹತ್ತಿ ಹೋಗಿತ್ತು. ಸಂಜೆಗೆ ಓಣಿಯ ಬಾಯಿಗೆ ಗೋಡೆ ಎದ್ದಿತು. ಗೌರಮ್ಮ ವಾಪಸ್ಸು ಬಂದು ಅತ್ತು ಕರೆದಾಗ ಶಿವಣ್ಣ, "ನೀನೇ ತಾನೇ ಕಣಮ್ಮಿ ಕಿತ್ಕೊಂಡು ದಾರಿ ಬುಟ್ಕೊಟ್ಟಿದ್ದು" ಅಂದುಬಿಟ್ಟ. ಅವನನ್ನು ಕಂಡರೆ ಬೀದಿಗೇ ಭಯ, ಯಾರೂ ಬಾಯಿ ಬಿಡಲಿಲ್ಲ. ಅಂದಿನಿಂದ ಗೌರಮ್ಮ ಹಿಂದಿನ ಚರಂಡಿಯ ಪಕ್ಕದಲ್ಲಿ ಸೀರೆ ಎತ್ತಿಕೊಂಡು ಓಡಾಡುತ್ತಾಳೆ. ಬ್ಲೌಸು ಹೊಲಿಸಲು ಚರಂಡಿ ದಾಟಿ ಬರುವ ಗಿರಾಕಿಗಳು ಎಷ್ಟು ಜನ ಇದ್ದಾರು?

ಗೌರಮ್ಮ ಕೇಸು ಹಾಕಿದಳು. ಸಾಕ್ಷಿ ಹೇಳುತ್ತೇನೆಂದು ಮುಂದೆ ಬಂದವಳು ವಿಶಾಲು ಒಬ್ಬಳೇ. ಅವಳ ಮಾತಿಗೆ ಬಲ ಬರಲಿ ಎಂದು ಗೌರಮ್ಮನ ಲಾಯರು ಉಮೇಶ ನನ್ನನ್ನೂ ಸೇರಿಸಿದರು. ಒಬ್ಬರು ಹೇಳುವಾಗ ಇನ್ನೊಬ್ಬರು ಹೊರಗಿರಬೇಕು, ಹಾಗಾಗಿ ಅವಳು ಏನು ಹೇಳಿದಳೆಂದು ನನಗೆ ಕೇಳಿಸಲಿಲ್ಲ. ನಾನು ಕಟಕಟೆ ಹತ್ತಿದಾಗ ಅವಳು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಬೆರಳಚ್ಚು ಮಾಡುತ್ತಿದ್ದವನು ನನ್ನ ಕೈಕೆಳಗೆ ಕೆಲಸ ಕಲಿತವನು, ನನ್ನನ್ನು ಕಂಡು ನಕ್ಕ. ಶಿವಣ್ಣನೂ ಬೀದಿಯ ನಾಲ್ಕೈದು ಗಂಡಸರೂ ಇದ್ದರು. ಎದುರು ಪಕ್ಷದ ಲಾಯರು ಕೇಳಿದರು: "ಮೆಟ್ಲು ಕಿತ್ರು ಅಂತೀರಲ್ಲ, ಆ ಹೊತ್ನಲ್ಲಿ ತಾವು ಎಲ್ಲಿದ್ರಿ?"

ಅಡುಗೆಮನೆಯಲ್ಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆಗೂ ಬಂದಿತ್ತು. ಶಿವಣ್ಣನ ಮೀಸೆ ನೋಡಿದೆ. "ನಡುಮನೇಲಿ ಪೇಪರ್ ಓದ್ತಾ ಕೂತಿದ್ದೆ" ಅಂದೆ.

"ಮನೆಗೆ ಎಷ್ಟು ಪೇಪರ್ ತರಿಸ್ತೀರಿ?"

"ಒಂದೇ."

"ಅಡುಗೆ ಯಾರು ಮಾಡ್ತಿದ್ರು?"

"ಎಲ್ಲರ ಮನೇಲೂ ಯಾರು ಮಾಡ್ತಾರೋ ಅವರೇ" ಅಂದೆ. ಕೋರ್ಟಿನಲ್ಲಿದ್ದವರು ನಕ್ಕರು. ಜನ ನಕ್ಕರೆಂದು ನನಗೆ ಒಳಗೊಳಗೇ ಹಿಗ್ಗು ಬೇರೆ. ಕೆಳಗಿಳಿದು ನೋಡಿದರೆ ಹಿಂದಿನ ಬೆಂಚು ಖಾಲಿ. ಮನೆಗೆ ವಾಪಸ್ಸು ಬರುವ ಬಸ್ಸಿನಲ್ಲಿ ವಿಶಾಲು ಕಿಟಕಿಯ ಹೊರಗಿನ ಕಬ್ಬಿನ ಗದ್ದೆಯನ್ನೇ ನೋಡುತ್ತಿದ್ದಳು. ಬಿಸಿಲಿಗೆ ತಲೆ ನೋಯುತ್ತಿರಬೇಕು ಎಂದುಕೊಂಡು ನಾನು ಮಾತಾಡಿಸಲಿಲ್ಲ.

ತೀರ್ಪು ಬಂತು, ಗೌರಮ್ಮ ಸೋತಳು. ತೀರ್ಪಿನ ನಕಲನ್ನು ತಂದು, "ನೀವು ಕೋರ್ಟ್ನೋರಲ್ವಾ ಸಾ, ಯಾಕ್ ಇಂಗಾಯ್ತು ಅಂತ ವಸಿ ಓದೇಳಿ" ಎಂದು ನಡುಮನೆಯಲ್ಲಿ ಕೂತಳು. ವಿಶಾಲು ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಹಳೆಯ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡು ಓದಿದೆ: "ಸಾಕ್ಷಿಯು ಗೃಹಿಣಿ. ಬೆಳಗಿನ ಏಳು ಗಂಟೆಗೆ ಸಂಸಾರಸ್ಥ ಹೆಂಗಸು ಅಡುಗೆಮನೆಯಲ್ಲಿರುವುದು ಸಹಜ. ಆ ವೇಳೆಯಲ್ಲಿ ಜಗಲಿಯ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದೆನೆಂಬ ಆಕೆಯ ಮಾತು ನಂಬಲರ್ಹವಲ್ಲ. ಅಡುಗೆ ಯಾರು ಮಾಡುತ್ತಿದ್ದರೆಂದು ಕೇಳಿದ್ದಕ್ಕೆ 'ಅಡುಗೆ ಆಗುತ್ತಿತ್ತು, ಸ್ವಾಮಿ' ಎಂದಷ್ಟೇ ಹೇಳಿ ಜಾರಿಕೊಂಡಿರುತ್ತಾಳೆ. ನೆರೆಯವಳ ಮೇಲಿನ ಸ್ತ್ರೀಸಹಜ ಕನಿಕರದಿಂದ ಆಕೆ ಹೀಗೆ ನುಡಿದಿರಬಹುದು." ಆಹಾ, ಎಷ್ಟು ಓಟವಾಗಿದೆ ಎಂದು ಒಂದು ಗಳಿಗೆ ನನಗೆ ಅನ್ನಿಸಿಯೂ ಅನ್ನಿಸಿತು. ನನ್ನ ಜನ್ಮಕ್ಕಿಷ್ಟು. ಮುಂದಿನ ಸಾಲು ಹೀಗಿತ್ತು: "ಪತ್ರಿಕೆ ಓದುತ್ತಿದ್ದವರು ತಾವೆಂದೂ, ಅಡುಗೆ ಮಾಡುತ್ತಿದ್ದುದು ಪತ್ನಿಯೆಂದೂ, ಗೌರವಾನ್ವಿತ ನಿವೃತ್ತ ನೌಕರರಾದ ಆಕೆಯ ಪತಿಯೇ ಒಪ್ಪಿರುತ್ತಾರೆ."

ಓದುವುದನ್ನು ಅಲ್ಲಿಗೇ ನಿಲ್ಲಿಸಿದೆ. ಕೋರ್ಟಿನ ಭಾಷೆಯನ್ನು ಬೈಯೋಣವೆಂದರೆ, ಆ ಸಾಲಿಗೆ ಬೇಕಾದ ಸಾಮಾನನ್ನೆಲ್ಲ ಕಟಕಟೆಯಲ್ಲಿ ನಿಂತು ಒದಗಿಸಿದವನು ನಾನೇ. ನನ್ನ ಮಾನ ಕಾಯಲು ವಿಶಾಲು ನನ್ನ ಹೆಸರು ಹೇಳದೆ ಬಿಟ್ಟಿದ್ದಳು. ಅವಳ ಮಾನವನ್ನು ನಾನು ಒಂದು ನಗೆಗೆ ಮಾರಿ ಬಂದಿದ್ದೆ.

ಗೌರಮ್ಮ ಕಣ್ಣು ಮಿಟುಕಿಸುತ್ತಾ ಕೇಳಿದಳು: "ಅಲ್ಲಾ ಸಾ, ಅಡ್ಗೆ ಮಾಡೋದು ನೀವಲ್ವಾ? ಮೆಣಸಿನ್ಕಾಯಿ ಘಾಟಿಗೆ ದಿನಾ ನೀವು ಕೆಮ್ಮೋದು ಇಡೀ ಬೀದಿಗೇ ಕೇಳ್ತದಲ್ಲ! ಶಿವಣ್ಣನೂ 'ಯಜಮಾನ್ರ ಒಗ್ಗರ್ಣೆ ಆಯ್ತು, ಅಂಗ್ಡಿ ಬಾಗ್ಲು ತಗೀರ್ಲಾ' ಅಂತಾನೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ನ್ಯಾಯಾಧೀಶರೊಬ್ಬರೇ, ಅವರಿಗೆ ಹೇಳಬೇಕಾದವನು ನಾನೊಬ್ಬನೇ.

ಮಾರನೆಯ ಬೆಳಗ್ಗೆ ನಾನು ಏಳುವಷ್ಟರಲ್ಲಿ ವಿಶಾಲು ಒಲೆಯ ಮುಂದೆ ನಿಂತಿದ್ದಳು. "ಇದೇನೇ ಇದು?" ಅಂದೆ. "ಕೋರ್ಟು ಹೇಳಿದ ಮೇಲೆ ಮುಗೀತು ಕಣ್ರೀ. ನಾನು ಅಡುಗೆಮನೇಲಿ ಇರೋದು ಸಹಜ. ನೀವು ಹೋಗಿ ಪೇಪರ್ ಓದಿ" ಅಂದಳು. ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ಬಾಣಲೆ ತಿರುವುತ್ತಿದ್ದಳು. ಸೌಟು ಕೇಳಿದರೆ ಕೊಡಲಿಲ್ಲ. ನಾನು ಜಗಲಿಯ ಮೇಲೆ ಪೇಪರ್ ಹಿಡಿದು ಕೂತೆ. ಜಗಲಿಯಿಂದ ಕಾಣುವುದು ಎರಡೇ, ಓಣಿಗೆ ಅಡ್ಡ ನಿಂತ ಗೋಡೆ, ಆ ಕಡೆಯಿಂದ ಚರಂಡಿ ದಾಟಿ ಬಳಸಿಕೊಂಡು ಬರುವ ಗೌರಮ್ಮ. ದಿನಾ ಅದನ್ನೇ ನೋಡುತ್ತಾ ಕೂತೆ. ಉಪ್ಪಿಲ್ಲದ ಉಪ್ಪಿಟ್ಟು ಬಂದರೆ ಕಮಕ್ ಕಿಮಕ್ ಎನ್ನದೆ ತಿಂದೆ.

ತಡೆಯಲಾರದೆ ಉಮೇಶರ ಆಫೀಸಿಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಮೇಲ್ಮನವಿ ಹಾಕ್ತಾ ಇದೀವಿ ಸಾರ್. ನೀವು ಅಫಿಡವಿಟ್ ಕೊಟ್ರೆ ಮತ್ತೆ ಸಾಕ್ಷಿ ಹೇಳಿಸೋಕೆ ಅನುಮತಿ ಕೇಳಬಹುದು. ಆದರೆ ಆ ಕೋರ್ಟು ನಿಮ್ಮನ್ನ ಕರೆದು ಎಲ್ಲರ ಮುಂದೆ ಕೇಳುತ್ತೆ. ಮೊದಲು ಸುಳ್ಳು ಹೇಳಿದ್ಯಾಕೆ ಅಂತಾನೂ ಕೇಳುತ್ತೆ. ತಡಕೊಳ್ತೀರಾ?" ತಡೆದುಕೊಳ್ಳುತ್ತೇನೆ ಅಂದೆ. ಟೈಪು ನಾನೇ ಮಾಡಿದೆ. ಹೆಂಡತಿಗೆ ತೋರಿಸಿ ಸಹಿ ಹಾಕೋಣವೆಂದು ಮನೆಗೆ ತಂದೆ. ಅವಳು ಕನ್ನಡಕ ಹಾಕಿಕೊಂಡು ಓದಿ, ಒಂದು ಕಡೆ ಬೆರಳಿಟ್ಟಳು. 'ಅಂದು ನಾನು ಪತ್ನಿಗೆ ಸಹಾಯ ಮಾಡುವ ಸಲುವಾಗಿ ಅಡುಗೆಮನೆಯಲ್ಲಿದ್ದೆ' ಎಂದಿತ್ತು.

"ನಾನು ಪೇಪರ್ ಓದ್ತಾ ಇದ್ದೆ. ಅದಕ್ಕೆ ನೀವು ಒಳಗಿನಿಂದ ಏನು ಸಹಾಯ ಮಾಡ್ತಿದ್ರಿ?" ಅಂದಳು.

ಬೆರಳು ಹಳೆಯ ಅಭ್ಯಾಸದಲ್ಲಿ ತಾನಾಗಿಯೇ ಕುಟ್ಟಿಬಿಟ್ಟಿತ್ತು. ಮತ್ತೆ ಹೋಗಿ, 'ಅಂದು ನಾನು ಅಡುಗೆ ಮಾಡುತ್ತಿದ್ದೆ, ದಿನವೂ ನಾನೇ ಮಾಡುತ್ತೇನೆ' ಎಂದು ಟೈಪು ಮಾಡಿ ಸಹಿ ಹಾಕಿ ಬಂದೆ. ಆ ಸಂಜೆ ವಿಶಾಲು ಸೌಟನ್ನು ನನ್ನ ಕೈಗೆ ಕೊಟ್ಟಳು.

ಈಗ ಅಡುಗೆಮನೆಯ ಕಿಟಕಿ ತೆರೆದಿರುತ್ತದೆ, ಧಾರಾಳವಾಗಿ ಕೆಮ್ಮುತ್ತೇನೆ. ನಾನು ತಿದ್ದಿಕೊಂಡೆನೆಂದು ನೀವು ನಂಬುವ ಮೊದಲು ನಿನ್ನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಹುರುಳಿಕಾಳು ಬೇಯುತ್ತಿತ್ತು. ಬಾಗಿಲು ತಟ್ಟಿದ ಶಬ್ದವಾಯಿತು. ಹೋಗಿ ತೆಗೆದರೆ ಗೌರಮ್ಮ. ಕಾಲೆಲ್ಲ ಚರಂಡಿಯ ಕೆಸರು, ಒಳಗೆ ಬರದೆ ಹೊಸಿಲಿನ ಆಚೆಗೇ ನಿಂತಳು. ನಡುಮನೆಯಲ್ಲಿ ಕೂತಿದ್ದ ವಿಶಾಲುವಿನ ಕಡೆ ತಿರುಗಿ, "ಅಕ್ಕಾ, ಮುಂದಿನ್ ತಿಂಗ್ಳು ಕೋರ್ಟ್ನಲ್ಲಿ ಕರೀತಾರಂತೆ. ಇವ್ರು ನಿಜ ಏಳ್ತಾರಾ ಅಕ್ಕ?" ಎಂದು ಕೇಳಿದಳು.

ವಿಶಾಲು ಪೇಪರ್ ಕೆಳಗಿಳಿಸಿ ನನ್ನನ್ನು ನೋಡಿದಳು.

"ಹೇಳ್ತೀನಿ ಗೌರಮ್ಮ, ಖಂಡಿತ ಹೇಳ್ತೀನಿ" ಅಂದೆ ನಾನು, ಸೊಂಟದಿಂದ ಬಿಚ್ಚಿದ ಟವೆಲನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು.