ಮೆಣಸಿನಕಾಯಿ ಅಂಗಡಿ ಬಿಡೂದು ಹ್ಯಾಂಗ

ನಮ್ಮ ಕಡೆ ಕೆಲಸಕ್ಕ ಸೇರಬೇಕಾದ್ರ ಯಾವ ತ್ರಾಸೂ ಇಲ್ಲ. "ನಾಳಿಂದ ಬಾರಪಾ" ಅಂತಾರ, ಹೋಗಿ ಕುಂತ್ರ ಆತು. ಬಿಡಬೇಕು ಅಂದಾಗ ಮಾತ್ರ ಒಂದರ ಹಿಂದ ಒಂದು ಪ್ರಸಂಗ ಹುಟ್ಟತಾವು. ನನ್ನ ಪಾಲಿಗೆ ಅಂಥವು ಎಷ್ಟು ಬಂದಾವು ಅಂದ್ರ, ರಾಜೀನಾಮೆ ಕೊಡೂದ ನನ್ನ ಖರೇ ಕೆಲಸ, ಲೆಕ್ಕ ಬರಿಯೂದು ಬಿಡುವಿನ್ಯಾಗ ಮಾಡೂದು ಅನ್ನೂಹಂಗ ಆಗೇತಿ.

ನಾನು ಬ್ಯಾಡಗಿ ಪ್ಯಾಟ್ಯಾಗ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಗುಮಾಸ್ತ. ಮನಿ ಹಾವೇರ್ಯಾಗ. ದಿನಾ ಬಸ್ಸಿನ್ಯಾಗ ಹೋಗಿ ಬರೂದು. ಮಾಲಕರನ್ನ ಎಲ್ಲಾರೂ ಸಾವ್ಕಾರ್ರು ಅಂತ ಕರೀತಾರ. ಒಳ್ಳೇ ಮನಷ್ಯಾ. ಅವರ ಮ್ಯಾಲೆ ನಂದು ಏನೂ ತಕರಾರಿಲ್ಲ, ತಕರಾರು ಇರೂದು ಮೆಣಸಿನಕಾಯಿ ಮ್ಯಾಲೆ. ಅಂಗಡ್ಯಾಗ ದಿನಪೂರ್ತಿ ಕುಂತ್ರ ಅದರ ಘಾಟು ಅಂಗಿಯೊಳಗ, ತಲಿಗೂದಲೊಳಗ, ಊಟದ ಡಬ್ಬಿಯೊಳಗ ಎಲ್ಲಾ ಕಡೆ ಇಳೀತೈತಿ. ಹಾವೇರಿ ಬಸ್ಸಿನ್ಯಾಗ ನನಗ ಎಂದೂ ಸೀಟಿನ ಕೊರತಿ ಬಿದ್ದಿಲ್ಲ. ಬಾಜೂಕ ಕುಂತವರು ಎರಡು ಸಲ ಸೀನಿ, "ನೀವ ಆರಾಮ ಕುಂದರ್ರಿ" ಅಂತ ಎದ್ದು ಹೋಗ್ತಾರ.

ಇದನ್ನೆಲ್ಲಾ ತಡಕೊಂಡಿದ್ದೆ. ಮಗಳು ಹುಟ್ಟಿದ ಮ್ಯಾಲೆ ತಡಕೊಳ್ಳಾಕ ಆಗಲಿಲ್ಲ. ಸಂಜೀಕ ಮನಿಗೆ ಬಂದು ಕೂಸಿನ್ನ ಎತ್ತಿಕೊಂಡೆ ಅಂದ್ರ ಸಾಕು, ಮೂಗು ಸೊಟ್ಟ ಮಾಡಿ ಸೀನತಿತ್ತು, ಸೀನಿ ಸೀನಿ ಅಳತಿತ್ತು. ಬಿಸಿನೀರು ಹುಯ್ಕೊಂಡೆ, ಸೀಗೀಕಾಯಿ ಹಚ್ಚಿಕೊಂಡೆ, ಅಂಗಡಿ ಅರಬಿ ಹಿತ್ತಲದಾಗ ಬಿಚ್ಚಿಟ್ಟು ಒಳಗ ಬಂದೆ. ಘಾಟು ಹೋಗಲಿಲ್ಲ. ಒಂದಿನ ಹೆಂಡತಿ ಕೂಸಿನ್ನ ಬಗಲಾಗ ಎತ್ತಿಕೊಂಡು ಹಿಂದಕ್ಕ ಸರದು, "ದೂರದಿಂದ ನೋಡ್ರಿ, ಅಷ್ಟ ಸಾಕು" ಅಂದ್ಲು. ಭಾಳ ಕೆಟ್ಟ ಅನಿಸ್ತು. ಸ್ವಂತ ಮಗಳನ್ನ ಎತ್ತಿಕೊಳ್ಳಾಕ ಆಗದಂಥ ನೌಕರಿ ಏನ ಸುಡೂದೈತಿ ಅಂತ, ಅವತ್ತ ಬಿಡೂದು ಅಂತ ಗಟ್ಟಿ ಮಾಡಿದೆ.

ಹೇಳಾಕೊಂದು ಹೊತ್ತು

ಮಂಗಳವಾರ, ಶುಕ್ರವಾರ ಹೋಗೂ ಮಾತು ಆಡಬಾರದು ಅನ್ನೂದು ನನಗೂ ಗೊತ್ತು. ಅದಕ್ಕ ಬುಧವಾರ ಆರಿಸಿಕೊಂಡೆ. ಮುಂಜಾನೆ ಸಾವ್ಕಾರ್ರು ಗಾದಿಗೆ ಕೈಮುಗದು ಕುಂತ ಕೂಡಲೇ ಮುಂದ ಹೋಗಿ ನಿಂತೆ.

"ಸಾವ್ಕಾರ್ರ, ನಾ ಕೆಲಸ ಬಿಡಬೇಕು ಅಂತ..."

ಅವರು ಕೈ ಅಡ್ಡ ಹಿಡದ್ರು. "ಬೋಣಿಗಿ ಆಗಿಲ್ಲಪಾ. ಬಿಡೂದು ಹೋಗೂದು ಅನ್ನೂ ಮಾತು ಈಗ ಬ್ಯಾಡ."

ಖರೇ ಐತಿ ಅನಿಸ್ತು. ಬೋಣಿಗಿ ಆಗೂತನಕ ಕಾದೆ. ಅಷ್ಟರಾಗ ಟೆಂಡರ್ ಹೊತ್ತಾತು. ಖರೀದಿದಾರರು ಅಂಗಡಿ ಅಂಗಡಿ ತಿರುಗಿ ಕಾಯಿ ಮುರದು ನೋಡೂ ಹೊತ್ತಿನ್ಯಾಗ ಸಾವ್ಕಾರ್ರು ತಮ್ಮ ಅಪ್ಪ ಬಂದ್ರೂ ಮಾತಾಡೂವರಲ್ಲ. ಅದು ಮುಗದ ಮ್ಯಾಲೆ ಊಟಕ್ಕ ಕುಂತ್ರು. "ಉಣ್ಣೂಮುಂದ ಅಂಥ ಮಾತು ಆಡಿದ್ರ ಅನ್ನ ಮೈಗೆ ಹತ್ತಂಗಿಲ್ಲ" ಅಂದ್ರು. ಊಟ ಆಗಿ ಲೋಡಿಗೆ ಒರಗಿ ಕಣ್ಣು ಮುಚ್ಚಿದ್ರು. ಎದ್ದು ಮುಖ ತೊಳಕೊಂಡು ಬರೂದರಾಗ ಹೊತ್ತು ಇಳದು, ದೇವರ ಫೋಟೋದ ಮುಂದ ದೀಪ ಹಚ್ಚಿದ್ರು. ನಾ ಬಾಯಿ ತಗದೆ.

"ದೀಪ ಹಚ್ಚೇನಿ. ಈಗ ಅಂಥ ಮಾತು ಆಡಬಾರದು."

ನನಗೂ ಸಿಟ್ಟು ಬಂತು. "ಹಂಗಾರ ಯಾವಾಗ ಹೇಳಬೇಕ್ರಿ ಸಾವ್ಕಾರ್ರ?"

"ಅದನ್ನ ಕೇಳಾಕೂ ಒಂದು ಹೊತ್ತು ಐತಿ" ಅಂತ ಚಪ್ಪಲಿ ಮೆಟ್ಟಿಕೊಂಡು ಮನಿಗೆ ಹೋದ್ರು.

ಹೇಳದ ಬಿಡೂದು

ಹೇಳೂದ ಬ್ಯಾಡ, ಸುಮ್ನ ಹೋಗೂದನ್ನ ಬಿಟ್ರಾತು ಅಂತ ಮರುದಿನ ಮನ್ಯಾಗ ಉಳದೆ. ಫೋನ್ ಬಂದ್ ಮಾಡಿದೆ. ಹೆಂಗೂ ಮುಂಜಾನಿ ಮೈಯಾಗ ಘಾಟು ಕಡಿಮಿ ಇರತೈತಿ, ಎತ್ತಿಕೊಂಡ್ರ ಮಗಳು ಒಂದ ಸಲ ಸೀನಿ ಸುಮ್ನಾದ್ಲು. ಜೀವಕ್ಕ ಹಿತ ಅನಿಸ್ತು.

ಇನ್ನ ನಾಷ್ಟಾ ಮುಗದಿರಲಿಲ್ಲ, ಬಾಗಲದಾಗ ಸಾವ್ಕಾರ್ರ ಕಾರು ನಿಂತು ಬಿಟ್ಟಿತು. ಅವರ ಕೈಯಾಗ ಬಾಳಿಹಣ್ಣಿನ ಗೊನಿ, ಹಿಂದ ಡ್ರೈವರ್ ಕೈಯಾಗ ಎಳನೀರು, ಅದರ ಹಿಂದ ಕೈಚೀಲ ಹಿಡಕೊಂಡು ಅವರ ದೋಸ್ತ ಡಾಕ್ಟರು. ನಾ ಓಡಿಹೋಗಿ ಕೌದಿ ಹೊಚ್ಚಿಕೊಂಡು ಮಲಗಿದೆ.

"ಫೋನ್ ಎತ್ತಲಿಲ್ಲ ಅಂದ ಕೂಡಲೇ ನನ್ನ ಎದಿ ಧಸಕ್ಕಂತು ನೋಡ್ರಿ" ಅಂತ ಸಾವ್ಕಾರ್ರು ನಮ್ಮವ್ವನ ಮುಂದ ಹೇಳಿದ್ರು. ನಮ್ಮವ್ವ ಕಣ್ಣೀರು ತಂದು, "ಇಂಥಾ ಮಾಲಕರು ಯಾರಿಗೆ ಸಿಗ್ತಾರ್ರಿ" ಅಂದ್ಲು. ಡಾಕ್ಟರು ನಾಲಗಿ ನೋಡಿದ್ರು, ಹೊಟ್ಟಿ ಒತ್ತಿ ನೋಡಿದ್ರು.

"ಏನೂ ಆಗಿಲ್ಲ. ದುಡಿಯೂ ಮನಷ್ಯಾ ಮನ್ಯಾಗ ಕುಂತ್ರ ಹಿಂಗ ಸಪ್ಪಗ ಆಗ್ತಾನ. ಕೆಲಸಕ್ಕ ಹೋದ್ರ ತಾನ ಆರಾಮ ಆಗ್ತೈತಿ" ಅಂದ್ರು.

ಆಮ್ಯಾಲೆ ಸಾವ್ಕಾರ್ರ ಸಮಾಧಾನಕ್ಕ ಅಂತ ನನಗ ಒಂದು ಇಂಜೆಕ್ಷನ್ ಮಾಡಿದ್ರು. ಅವತ್ತು ಬ್ಯಾಡಗಿಗೆ ಸಾವ್ಕಾರ್ರ ಕಾರಿನ್ಯಾಗ, ಒಂದ ಕಡೆ ವಾಲಿಕೊಂಡು ಕುಂತು ಹೋದೆ.

ಗುತ್ತಲದ ಮಾವ

ನಮ್ಮವರಾಗ ಲಗ್ನದ ಮಾತಿಗೆ ಆಗಲಿ, ಜಗಳ ಬಿಡಸಾಕ ಆಗಲಿ, ಹಿರೇರನ್ನ ಮುಂದ ಬಿಡೂದು ರೂಢಿ. ರಾಜೀನಾಮೆಗೂ ಹಿರೇರನ್ನ ಕಳಸೂದ ಪಾಡು ಅಂತ ಗುತ್ತಲದಿಂದ ನನ್ನ ಸೋದರಮಾವನ್ನ ಕರೆಸಿದೆ. ಕಂಡಕ್ಟರ್ ಆಗಿ ನಿವೃತ್ತಿ ಆದವ. ತುಂಬಿದ ಬಸ್ಸಿನ್ಯಾಗಿಂದ ಎಂಥವರನ್ನೂ ಮಾತಿನ್ಯಾಗ ಕೆಳಗ ಇಳಿಸಿದಾವ.

"ನೀ ಚಿಂತಿ ಬಿಡು ಅಳಿಯಾ, ಇವತ್ತ ಮುಗಿಸಿಬಿಡ್ತೇನಿ" ಅಂತ ರುಮಾಲು ಸುತ್ತಿಕೊಂಡು ಬ್ಯಾಡಗಿಗೆ ಹೋದ. ಅವತ್ತು ಅಂಗಡಿಗೆ ಸೂಟಿ ಇತ್ತು. ಸಾವ್ಕಾರ್ರ ಮನಿಯೊಳಗ ಮಾತು. ಸಂಜೀಮುಂದ ಅಲ್ಲಿ ತಿಂದ ಗಿರಮಿಟ್ಟಿನ ಉಳ್ಳಾಗಡ್ಡಿ ವಾಸನಿ ಹೊಡಕೊಂತ, ನಕ್ಕೊಂತ ಬಂದ.

"ಮುಗಿಸಿ ಬಂದೆ" ಅಂದ.

"ನನ್ನ ಬಿಟ್ಟರೇನು?"

"ನನ್ನ ತಗೊಂಡ್ರು."

ಸಾವ್ಕಾರ್ರು ಮೆಣಸಿನಕಾಯಿ ಚೀಲ ಇಡೂ ಕೋಲ್ಡ್ ಸ್ಟೋರೇಜಿನ ಗೇಟಿಗೆ ಒಬ್ಬ ನಂಬಿಗಸ್ತ ಮನಷ್ಯಾ ಬೇಕಾಗಿದ್ದನಂತ. ಚಹಾದ ಮ್ಯಾಲೆ ಮಾತು ಆ ಕಡೆ ಹೊಳ್ಳಿ, ನಮ್ಮ ಮಾವ ಒಪ್ಪಿಕೊಂಡು ಬಂದಿದ್ದ. ನನ್ನ ವಿಷಯ ತಗದಿಯೋ ಇಲ್ಲೋ ಅಂತ ಕೇಳಿದ್ದಕ್ಕ ನನಗ ಜೋರು ಮಾಡಿದ.

"ನಿನ್ನ ಜಾಮೀನಿನ ಮ್ಯಾಲೆ ನನಗ ಕೆಲಸ ಕೊಟ್ಟಾರ. ಇನ್ನ ನೀ ಬಿಟ್ಟಿ ಅಂದ್ರ ನನ್ನ ಮರ್ಯಾದಿ ಏನ ಉಳೀತು?"

ಆವತ್ತಿನಿಂದ ಮಾವ ನಮ್ಮ ಮನ್ಯಾಗ ಉಳದ, ಇಬ್ಬರೂ ಕೂಡಿ ಬಸ್ಸಿಗೆ ಹೋಗ್ತೇವಿ. ಬರೂಮುಂದ ಈಗ ಹಿಂದಿನ ಉದ್ದ ಸೀಟು ಪೂರ್ತಿ ನಮ್ಮದ.

ರಾಣೆಬೆನ್ನೂರಿನ ಬೀಗರು

ಇನ್ನೊಂದು ನೌಕರಿ ಕೈಯಾಗ ಇದ್ರ ಧೈರ್ಯ ಬರತೈತಿ ಅಂತ ಹೆಂಡತಿ ಅಂದ್ಲು. ರಾಣೆಬೆನ್ನೂರಿನ ಒಂದು ಬೀಜದ ಕಂಪನ್ಯಾಗ ಲೆಕ್ಕದ ಮನಷ್ಯಾ ಬೇಕಾಗಿತ್ತು. ಬೀಜಕ್ಕ ಘಾಟು ಇಲ್ಲ. ಸಾವ್ಕಾರ್ರ ಮುಂದ ಸಂಬಂಧಿಕರ ನಿಶ್ಚಯ ಐತಿ ಅಂತ ಸುಳ್ಳು ಹೇಳಿ, ಇಸ್ತ್ರಿ ಅಂಗಿ ಹಾಕ್ಕೊಂಡು ಹೋದೆ.

ಕಂಪನಿ ಮಾಲಕರು ಕೇಳಿದ್ದಕ್ಕೆಲ್ಲಾ ಸರಿ ಉತ್ತರ ಕೊಟ್ಟೆ. ಅವರಿಗೂ ಮನಸ್ಸಿಗೆ ಬಂತು. ನಡುವ ಅವರು ಒಂದ ಸಲ ಸೀನಿದ್ರು. ಮೂಗು ಒರಸಿಕೊಂಡು, "ನೀವು ಬ್ಯಾಡಗಿಯವರೇನ್ರಿ?" ಅಂದ್ರು. ಅಂಗಡಿ ಯಾವುದು ಅಂತ ಹೇಳಿದೆ. ಅವರು ಕುರ್ಚಿ ಬಿಟ್ಟು ಎದ್ದು ನಿಂತ್ರು.

"ಅಯ್ಯ, ನಮ್ಮ ಬೀಗರ ಅಂಗಡಿ. ಅವರ ಮಗಳನ್ನ ನಮ್ಮ ಮಗಗ ತಂದೇವಿ."

ಅವರು ನನ್ನ ಅರ್ಜಿ ಮಡಚಿ ವಾಪಸ್ ನನ್ನ ಕಿಸೆದಾಗ ಇಟ್ರು. "ತಪ್ಪು ತಿಳೀಬ್ಯಾಡ್ರಿ. ಬೀಗರ ಮನಿ ಹೆಣ್ಣ ತಂದೇವಿ, ಅಷ್ಟ ಸಾಕು. ಅವರ ಗುಮಾಸ್ತನ್ನೂ ತಂದ್ರ ಮಂದಿ ಏನ ಅಂದಾರು?"

ಆಮ್ಯಾಲೆ ನಾನು ನೌಕರಿ ಕೇಳಾಕ ಬಂದವ ಅನ್ನೂದನ್ನ ಅವರು ಪೂರ್ತಿ ಮರತ್ರು. ಮನಿಗೆ ಕರಕೊಂಡು ಹೋಗಿ ಉಣ್ಣಾಕ ನೀಡಿದ್ರು. ಹೊಂಡೂಮುಂದ, "ಹೆಂಗೂ ಬ್ಯಾಡಗಿಗೆ ಹೊಂಟೀರಿ" ಅಂತ ಸಾವ್ಕಾರ್ರ ಮನಿಗೆ ಒಂದು ಡಬ್ಬಿ ಶೇಂಗಾ ಹೋಳಿಗಿ, ಒಂದು ಕಟ್ಟು ಕಡಕ್ ರೊಟ್ಟಿ ಕೊಟ್ಟು ಕಳಿಸಿದ್ರು.

ಇನ್ನ ನನ್ನ ಕತಿ ಮುಗೀತು ಅಂತ ಹೆದರಿಕೋತ ಹೋಗಿ ಸಾವ್ಕಾರ್ರ ಮುಂದ ಡಬ್ಬಿ ಇಟ್ಟೆ. ಅವರು ಮುಚ್ಚಳ ತಗದು, ಒಂದು ಹೋಳಿಗಿ ಮುರದು ಬಾಯಾಗ ಹಾಕ್ಕೊಂಡ್ರು.

"ಸೂಟಿ ತಗೊಂಡ ದಿನಾನೂ ನಮ್ಮ ಬೀಗರನ್ನ ಮಾತಾಡಿಸಿ ಬಂದಾನ" ಅಂತ ಬಾಜೂ ಅಂಗಡಿಯವರಿಗೆ ಹೇಳಿದ್ರು. "ಇಂಥಾ ಗುಮಾಸ್ತನ್ನ ನಾ ಸಾಯೂತನಕ ಬಿಡಂಗಿಲ್ಲ."

ಗಣಪತಿ ಚಿತ್ರ

ಎದುರಿಗೆ ಹೇಳಾಕ ಆಗಲಿಲ್ಲ, ಹಿರೇರ ಕಡಿಂದ ಆಗಲಿಲ್ಲ, ಉಳದದ್ದು ಫೋನ್ ಒಂದ. ಒಂದಿನ ಮುಂಜಾನೆ ಜಳಕಾ ಮಾಡಿ ಕುಂತು ವಾಟ್ಸಾಪಿನ್ಯಾಗ ಬರದೆ: "ಹಲವು ವರ್ಷಗಳಿಂದ ಈ ಅಂಗಡಿಯಲ್ಲಿ ಸೇವೆ ಮಾಡಿದ್ದೇನೆ. ಇನ್ನು ಮೆಣಸಿನಕಾಯಿ ಘಾಟು ತಡೆಯಲು ಆಗುವುದಿಲ್ಲ. ಮನೆಯಲ್ಲಿ ಮಕ್ಕಳನ್ನು ಎತ್ತಿಕೊಳ್ಳಬೇಕೆಂಬ ಆಸೆ. ದಯವಿಟ್ಟು ಸಂತೋಷದಿಂದ ನನ್ನನ್ನು ಬಿಟ್ಟುಕೊಡಿ. ತಪ್ಪಾಗಿದ್ದರೆ ಕ್ಷಮಿಸಿ." ಮುಂಜಾನೆ ಅಪಶಕುನ ಅಂದುಕೊಂಡಾರು ಅಂತ ಮ್ಯಾಲೆ ಒಂದು ಗಣಪತಿ ಚಿತ್ರ ಹಾಕಿದೆ. ನನ್ನ ನಂಬರ್ ಅವರಿಗೆ ಗೊತ್ತ ಐತಿ ಅಂತ ಕೆಳಗ ಹೆಸರು ಬರೀಲಿಲ್ಲ.

ಸಾವ್ಕಾರ್ರಿಗೆ ಒಂದು ರೂಢಿ ಐತಿ. ಪೂಜಿ ಮುಗಿಸಿ, ಚಷ್ಮಾ ಹಾಕ್ಕೊಳ್ಳೂ ಮೊದಲ, ಫೋನಿಗೆ ಬಂದ ದೇವರ ಚಿತ್ರಾನೆಲ್ಲಾ, ಕೆಳಗ ಬರದದ್ದನ್ನ ಓದದನ, ತಮ್ಮ ಗುರುತಿನವರಿಗೆಲ್ಲಾ ಕಳಸ್ತಾರ. ಪ್ಯಾಟಿಯ ದಲಾಲರು, ಖರೀದಿದಾರರು, ಬೀಗರು, ಯಾರನ್ನೂ ಬಿಡಂಗಿಲ್ಲ. ಅದು ನನ್ನ ತಲ್ಯಾಗ ಹೊಳೀಲಿಲ್ಲ.

ನಾ ಬ್ಯಾಡಗ್ಯಾಗ ಬಸ್ ಇಳದ್ರ ಆಟೋದವ ಕೇಳಿದ. "ನಿಮ್ಮ ಸಾವ್ಕಾರ್ರು ಅಂಗಡಿ ಬಿಡ್ತಾರಂತಲ್ರಿ?"

ಅಂಗಡಿ ಮುಂದ ಮಂದಿ ನೆರದಿತ್ತು. ಎಲ್ಲಾರ ಕೈಯಾಗ ಶಾಲು, ಮಾಲಿ, ತೆಂಗಿನಕಾಯಿ. ರಾಣೆಬೆನ್ನೂರಿನ ಬೀಗರು ಆಗಲೇ ಬಂದು ಕುಂತಿದ್ರು. "ಭಾಳ ಛಲೋ ವಿಚಾರ ಮಾಡೀರಿ, ಇನ್ನ ಆರಾಮ ಇರ್ರಿ" ಅಂತ ಒಬ್ಬೊಬ್ಬರ ಹೇಳಾಕತ್ತಿದ್ರು. ಹಮಾಲರು ಕಣ್ಣು ಒರಸಿಕೊಳ್ಳಾಕತ್ತಿದ್ರು, ನಮ್ಮ ಅಂಗಡ್ಯಾಗ ಅದು ದುಃಖಕ್ಕೋ ಘಾಟಿಗೋ ಹೇಳೂದು ಕಷ್ಟ. ಸಾವ್ಕಾರ್ರು ಗಾದಿ ಮ್ಯಾಲೆ ಕಕ್ಕಾಬಿಕ್ಕಿ ಆಗಿ ಕುಂತಿದ್ರು. ನನ್ನ ಕಂಡ ಕೂಡಲೇ ಒಳಗಿನ ಖೋಲಿಗೆ ಎಳಕೊಂಡು ಹೋದ್ರು.

"ಇವರೆಲ್ಲಾ ನಾ ಬಿಡ್ತೇನಿ ಅಂತಾರ. ನಾ ಯಾವಾಗ ಅಂದೇನಪಾ?"

ಅವರ ಫೋನ್ ತಗದು, ಚಿತ್ರದ ಕೆಳಗಿಂದು ತೋರಿಸಿದೆ. ಚಷ್ಮಾ ಹಾಕ್ಕೊಂಡು ನಿಧಾನಕ್ಕ ಓದಿದ್ರು. ಇನ್ನ ಬೈತಾರ ಅಂತ ತಲಿ ಬಗ್ಗಿಸಿ ನಿಂತೆ.

"ಇದನ್ನ ಬರದವ ನೀನಾ?"

"ಹೌದ್ರಿ. ನಂದು ತಪ್ಪಾತ್ರಿ."

ಅವರು ಚಷ್ಮಾ ತಗದು ಕಣ್ಣು ಒರಸಿಕೊಂಡ್ರು. "ನನ್ನ ಮನಸಿನ್ಯಾಗಿಂದು ನಿನಗ ಹ್ಯಾಂಗ ಗೊತ್ತಾತು? ಮೀಸಿ ಮೂಡಿದಾಗಿಂದ ಈ ಗಾದಿ ಬಿಡಬೇಕು ಅಂತೇನಿ. ಒಬ್ಬ ಮೊಮ್ಮಗನೂ ನನ್ನ ತೊಡಿ ಮ್ಯಾಲೆ ಕುಂತಿಲ್ಲ, ಸೀನಿ ಓಡಿ ಹೋಗ್ತಾವು. ನಿನಗಾದ್ರ ಹೇಳಾಕ ನಾ ಇದ್ದೆ. ನಾ ಯಾರಿಗೆ ಹೇಳ್ಲಿ?"

ಅವರು ಹೊರಗ ಹೋಗಿ ಮಂದಿ ಮುಂದ ಕೈಮುಗದ್ರು, ಕೊಳ್ಳು ಬಗ್ಗಿಸಿದ್ರು. ಬಂದವರು ಶಾಲು ಹೊಚ್ಚಿದ್ರು, ಮಾಲಿ ಹಾಕಿದ್ರು, ಕಾಯಿ ಒಡದ್ರು. ನಾಕು ಮಂದ್ಯಾಗ ಶಾಲು ಹೊಚ್ಚಿಸಿಕೊಂಡ ಮ್ಯಾಲೆ ಹಿಂದಕ್ಕ ಬರೂ ಮಾತಿಲ್ಲ. ಸಾವ್ಕಾರ್ರು ತಮ್ಮ ಮಗನ್ನ ಕರದು ಗಾದಿ ಮ್ಯಾಲೆ ಕುಂದರಿಸಿದ್ರು.

ಕಾರು ಹತ್ತೂಮುಂದ ಓಡಿಹೋಗಿ ಕೇಳಿದೆ. "ಸಾವ್ಕಾರ್ರ, ನನ್ನ ವಿಷಯ?"

"ನಾ ಬಿಟ್ಟವ. ನನ್ನ ಯಾಕ ಕೇಳ್ತಿ? ಸಣ್ಣ ಸಾವ್ಕಾರ್ರನ್ನ ಕೇಳು."

ಸಣ್ಣ ಸಾವ್ಕಾರ್ರು ಗಾದಿ ಮ್ಯಾಲೆ ಗಾಬರಿ ಆಗಿ ಕುಂತಿದ್ರು. "ಇಬ್ಬರೂ ಒಮ್ಮೆಲೇ ಹೋದ್ರ ನನಗ ವ್ಯವಹಾರ ತೋರಿಸೂವರು ಯಾರ್ರಿ?" ಅಂದ್ರು. ಹಿಂಗಾಗಿ ನನ್ನ ರಾಜೀನಾಮೆ ಮಂಜೂರಾತು, ಹೋದವರು ಮಾತ್ರ ಸಾವ್ಕಾರ್ರು.

ಸ್ವಲ್ಪ ದಿನ ಬಿಟ್ಟು, ಒಂದಿನ ಸಂಜೀಕ ಮನಿಗೆ ಬಂದೆ. ಬಾಗಲದಾಗ ಗುರ್ತಿನ ಚಪ್ಪಲಿ. ಒಳಗ ಸಾವ್ಕಾರ್ರು ಬೆಳ್ಳನ ಧೋತರ ಉಟ್ಕೊಂಡು ಕುಂತಾರ, ಅವರ ತೊಡಿ ಮ್ಯಾಲೆ ನನ್ನ ಮಗಳು. ಅವರ ಮೀಸಿ ಹಿಡದು ಜಗ್ಗಾಕತ್ತೇತಿ, ಕಿಲಿಕಿಲಿ ನಗತೈತಿ. ಒಂದು ಸೀನಿಲ್ಲ. ನನಗ ಸಂತೋಷನೂ ಆತು, ಹೊಟ್ಟಿಕಿಚ್ಚೂ ಆತು. ಕೂಸಿನ್ನ ಇಸಗೊಳ್ಳಾಕ ಎರಡೂ ಕೈ ಚಾಚಿ ಒಳಗ ಕಾಲಿಟ್ಟೆ.

ಮೊದಲು ಸೀನಿದವರು ಸಾವ್ಕಾರ್ರು.

"ಅಲ್ಲೇ ನಿಂದರಪಾ" ಅಂದ್ರು ಮೂಗು ಮುಚ್ಚಿಕೊಂಡು. "ದೂರದಿಂದ ನೋಡು, ಅಷ್ಟ ಸಾಕು."

ಬಾಗಲದಾಗ ನಿಂತು ಕೈಮುಗದೆ. "ಸಾವ್ಕಾರ್ರ, ನಿಮ್ಮ ಮಗಗ ಒಂದ ಮಾತು ಹೇಳ್ರಿ. ನನ್ನೂ ಬಿಡಸ್ರಿ."

ಅವರು ಕೂಸಿನ ಮುಖದಿಂದ ಕಣ್ಣು ಎತ್ತಲಿಲ್ಲ. ನಮ್ಮವ್ವ ಆಗಷ್ಟ ದೇವರ ಮುಂದ ಇಟ್ಟು ಬಂದದ್ದನ್ನ ಬೆರಳು ಮಾಡಿ ತೋರಿಸಿದ್ರು.

"ದೀಪ ಹಚ್ಯಾರ. ಈಗ ಅಂಥ ಮಾತು ಆಡಬಾರದು."