ಒಂದೇ ಎಳೆತಕ್ಕೆ ಬಿಚ್ಚಬೇಕಾದ ಗಂಟು

ಆಗಸ್ಟ್ ಹದಿನೈದು ಬಂತೆಂದರೆ ಊರಿಗೆಲ್ಲ ಹಬ್ಬ, ನನಗೆ ಮಾತ್ರ ಪರೀಕ್ಷೆ. ತಮಿಳುನಾಡಿನ ತೇನಿಯ ಒಂದು ಆಫೀಸಿನಲ್ಲಿ ನಾನು ಪ್ಯೂನ್ ಆಗಿದ್ದೆ. ಹೂವಿನ ಎಸಳು ತುಂಬಿ ಬಾವುಟ ಮಡಿಸಿ, ಸಾಹೇಬರು ಹಗ್ಗ ಎಳೆದ ಕೂಡಲೇ ಬಿಚ್ಚುವ ಹಾಗೆ ಗಂಟು ಹಾಕುವುದು ಇಪ್ಪತ್ತೆಂಟು ವರ್ಷ ನನ್ನದೇ ಕೆಲಸ. ಬಿಚ್ಚಿದರೆ ಚಪ್ಪಾಳೆ ಸಾಹೇಬರಿಗೆ, ಬಿಚ್ಚದಿದ್ದರೆ ಬೈಗುಳ ನನಗೆ.

ಆ ದಿನ ನಮ್ಮೂರು ತೇವಾರದ ಮನೆಯಿಂದ ಮೊದಲ ಬಸ್ಸಿಗೆ ಹೊರಟರೆ ಅವ್ವ ಹಿಂದೆಯೇ ಬರೋಳು. "ಬರೀ ಹೊಟ್ಟೇಲಿ ಹೋಗಬ್ಯಾಡ ಕಣೋ, ಎರಡು ಇಡ್ಲಿ ತಿನ್ನು."

"ಮೊದಲು ಗಂಟು ಬಿಚ್ಚಲಿ ಬಿಡವ್ವ, ಆಮೇಲೆ ತಿಂತೀನಿ."

ಎತ್ತಿನ ಗಂಟು

ಮೊದಲ ವರ್ಷ. ಬೇಸಾಯದ ಮನೆಯವನಿಗೆ ಗಂಟು ಹೇಳಿಕೊಡಬೇಕೇ ಎಂಬ ಜಂಬ ಬೇರೆ. ಎತ್ತು ಕಟ್ಟುವ ಗಂಟನ್ನೇ ಹಾಕಿದೆ. ಅದು ಎಳೆದಷ್ಟೂ ಬಿಗಿಯುವ ಗಂಟು ಅಂತ ನೆನಪಾದದ್ದು ಸಾಹೇಬರು ಮೂರನೇ ಸಲ ಎಳೆದಾಗ. ಕೊನೆಗೆ ಕೆಳಗಿಳಿಸಿ ನಾನೇ ಬಿಚ್ಚಬೇಕಾಯಿತು. ಸಾಹೇಬರು ಬೈಯಲಿಲ್ಲ. ಎಲ್ಲ ಮುಗಿದ ಮೇಲೆ ಕರೆದು ಮೆಲ್ಲಗೆ ಕೇಳಿದರು: "ಏನಪ್ಪಾ, ಬಾವುಟ ಯಾರ ಹೊಲಕ್ಕೆ ನುಗ್ಗುತ್ತೆ ಅಂತ ಹೆದರಿದ್ದೆ?"

ಅಭಿಷೇಕ

ಇನ್ನೊಂದು ವರ್ಷ ಗುಲಾಬಿ ಎಸಳು ಬಾಡಬಾರದೆಂದು, ಹೂವು ಮಾರುವವರ ಹಾಗೆ ಧಾರಾಳವಾಗಿ ನೀರು ಚಿಮುಕಿಸಿದೆ. ಗಂಟೇನೋ ಒಂದೇ ಎಳೆತಕ್ಕೆ ಬಿಚ್ಚಿತು. ಎಸಳು ಮಾತ್ರ ಉದುರದೆ ಮುದ್ದೆಯಾಗಿ ಸಾಹೇಬರ ತಲೆ ಮೇಲೆ ತಪ್ಪಂತ ಬಿತ್ತು. ಪುಣ್ಯಾತ್ಮರು ರಾಷ್ಟ್ರಗೀತೆ ಮುಗಿಯುವವರೆಗೂ ಅಲುಗಲಿಲ್ಲ, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ನನ್ನತ್ತ ತಿರುಗಿ, "ಅಭಿಷೇಕ ಆಯ್ತು, ಪ್ರಸಾದ ಎಲ್ಲಿ?" ಅಂದರು.

ದಿಂಡಿಗಲ್ ಬೀಗ

ಒಮ್ಮೆ ಬಾವುಟದ ಪೆಟ್ಟಿಗೆಯ ಕೀಲಿಯನ್ನು ಪಂಚೆಯ ತುದಿಗೆ ಗಂಟು ಹಾಕಿಕೊಂಡಿದ್ದೆ. ಪ್ಯಾಂಟು ತೊಟ್ಟು ಬಂದೆ, ಪಂಚೆ ಮನೆಯಲ್ಲೇ ಉಳಿಯಿತು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇದೆ. ಓಡಿಹೋಗಿ ಬೀದಿಯಲ್ಲಿ ಬೀಗ ರಿಪೇರಿ ಮಾಡುವ ಮುದುಕನನ್ನು ಕರೆತಂದೆ. ಬೀಗಕ್ಕೇ ಹೆಸರಾದ ದಿಂಡಿಗಲ್‌ನವನು. ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿ ಅವನ ಮುಖ ಅರಳಿತು.

"ಇದು ನಮ್ಮೂರ ಬೀಗ! ಕೀಲಿ ಇಲ್ಲದೆ ಯಾರಪ್ಪನಿಂದಲೂ ತೆಗೆಯೋಕಾಗಲ್ಲ."

"ಒಡೆದುಬಿಡಣ್ಣಾ, ನನ್ನ ಕೆಲಸ ಹೋಗುತ್ತೆ!"

"ಛೆ ಛೆ, ನಮ್ಮೂರ ಬೀಗಾನ ನಾನು ಒಡೆಯೋದಾ?"

ಪೆಟ್ಟಿಗೆಯ ಹಿಂಬದಿಯ ಹಲಗೆ ಕಿತ್ತು ಬಾವುಟ ಕೈಗಿಟ್ಟ. ಬೀಗ ಭದ್ರವಾಗಿ ಮುಂದೆ ನೇತಾಡುತ್ತಲೇ ಇತ್ತು. ಹೋಗುವಾಗ ಅದನ್ನೊಮ್ಮೆ ಎಳೆದು ನೋಡಿ, ಸರಿಯಾಗಿದೆ ಅಂತ ಹೇಳಿ ಹೋದ.

ನನ್ನ ಸರದಿ

ಹೋದ ವರ್ಷ, ರಿಟೈರ್ ಆಗುವ ಮುಂಚಿನ ಕೊನೆಯ ಆಗಸ್ಟ್. ಹೊಸ ಮೇಡಂ ಕರೆದರು. "ಇಷ್ಟು ವರ್ಷ ಗಂಟು ಹಾಕಿದ್ದೀರಿ ಅಣ್ಣಾ, ಈ ಸಲ ಹಗ್ಗವನ್ನೂ ನೀವೇ ಎಳೆಯಿರಿ."

ಹಗ್ಗ ಹಿಡಿದು ನಿಂತೆ. ಈಗ ಬಿಚ್ಚದಿದ್ದರೆ ನನ್ನನ್ನು ನಾನೇ ಬೈದುಕೊಳ್ಳಬೇಕು. ಮುಂದಿನ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕ ಎಂಬತ್ತು ದಾಟಿದ ಅವ್ವ. ಕಣ್ಣು ಮುಚ್ಚಿ ಎಳೆದೆ.

ಬಿಚ್ಚಿತು!

ಇಪ್ಪತ್ತೆಂಟು ವರ್ಷ ಕಂಬದ ಹಿಂದೆ ನಿಂತು ಗಂಟನ್ನೇ ನೋಡಿದವನು ನಾನು. ಎಸಳು ಉದುರುವುದು ಇಷ್ಟು ಚೆಂದ ಅಂತ ಗೊತ್ತೇ ಇರಲಿಲ್ಲ. ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತ ನಿಂತೆ. ಬಾಯಿಗೆ ಮೂರು ನಾಲ್ಕು ಎಸಳು ಬಿದ್ದವು, ಅಷ್ಟರಲ್ಲೇ ರಾಷ್ಟ್ರಗೀತೆ. ಉಗುಳುವ ಹಾಗಿಲ್ಲ, ಹಾಡೋಣವೆಂದರೆ ಬಾಯಿತುಂಬ ಹೂವು. ಕಣ್ಣು ತುಂಬಿ ಬಂತು, ಎಸಳನ್ನು ಮೆಲ್ಲಗೆ ಅಗಿದು ನುಂಗಿಕೊಂಡೆ.

ಗೀತೆ ಮುಗಿಯಿತು. ಆಗ ಅವ್ವನ ದನಿ ಮೈದಾನಕ್ಕೆಲ್ಲ ಕೇಳಿತು:

"ನೋಡ್ರಪ್ಪಾ! ಎರಡು ಇಡ್ಲಿ ತಿಂದು ಹೋಗೋ ಅಂದ್ರೆ ಕೇಳಲಿಲ್ಲ, ಈಗ ಹೂವ ತಿಂತಾವ್ನೆ!"