ಗ್ರೀಕ್ ಶಬ್ದವೂ ಪಾಸ್ಟರರ ಎಮ್ಮೆಯೂ

ಹೊಸ ಶಬ್ದವೊಂದು ಸಿಕ್ಕರೆ, ಅದನ್ನು ನಾಲ್ಕು ಜನರಿಗೆ ಹೇಳುವವರೆಗೆ ಮಾಸ್ತರನಾದವನಿಗೆ ಉಂಡ ಅನ್ನ ಅರಗುವುದಿಲ್ಲ. ಈ ರೋಗದಲ್ಲಿ ನಾನು ಒಂದು ಕೈ ಮೇಲೆ. ಎಂಬತ್ತರ ದಶಕದಲ್ಲಿ ಕಾಗವಾಡದಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಪಾಸ್ಟರ್ ಇದ್ದರು. ಒಂದು ಸಂಜೆ ಚಹಾ ಕುಡಿಯುತ್ತ, ಬೈಬಲ್ಲಿನಲ್ಲಿ 'ಓಯ್ಕೊನೊಮಿಯ' ಎಂಬ ಗ್ರೀಕ್ ಶಬ್ದವಿದೆ ಎಂದರು. "ಅಂದ್ರ ಮನಿ ಕಾರಭಾರರಿ ಮಾಸ್ತರ. ಮನಿ ಮಾಲಕರದು, ನೋಡಕೊಳ್ಳಾವರು ನಾವು. ಕೆಡಸಂಗಿಲ್ಲ, ನಂದು ಅನ್ನಂಗೂ ಇಲ್ಲ."

ಎಂಥ ಮಾತು! ಸ್ಟಾಫ್ ರೂಮಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಮಿರಜದ ಬಸ್ಸಿನಲ್ಲಿ ಎಲ್ಲ ಕಡೆ ನಾನು ಇದನ್ನೇ ಕೊರೆದೆ. "ಮೊದಲ ನಮ್ಮ ಮನಿ ಕಾರಭಾರ ನೋಡ್ರಿ, ನಳ ಸೋರಾಕತ್ತೈತಿ," ಎಂದಳು ಹೆಂಡತಿ. ಗ್ರೀಕ್ ತಿಳಿಯದವರ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಅಷ್ಟರಲ್ಲಿ ಮಗಳ ಹೆರಿಗೆಗೆಂದು ಪಾಸ್ಟರ್ ದಂಪತಿ ಮಿರಜಕ್ಕೆ ಹೊರಟರು. "ಎಮ್ಮಿ ನಿಮ್ಮ ಮ್ಯಾಲ ಬಿಟ್ಟೀನ್ರಿ. ಆ ಶಬ್ದ ನಿಮ್ಮಷ್ಟು ತಿಳಕೊಂಡಾವರು ಊರಾಗ ಯಾರ ಅದಾರ?" ಎಂದರು. ನಾನು ಉಬ್ಬಿಹೋದೆ.

ಸಂಜೆ ಕೆಚ್ಚಲಿಗೆ ಕೈ ಹಚ್ಚಿದ್ದೇ ತಡ, ಬಕೆಟ್ ಒಂದು ಕಡೆ, ನಾನೊಂದು ಕಡೆ. ಬೆಳಿಗ್ಗೆ ನೋಡಿದರೆ ಕೆಚ್ಚಲು ಕಲ್ಲಾಗಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ನಂಬಿ ಕೊಟ್ಟುಹೋದವರ ಎಮ್ಮೆ ಕೆಟ್ಟರೆ ಯಾವ ಮುಖ ತೋರಿಸಲಿ? ಗೋಡೆಯಾಚೆಯ ಪದ್ಮಕ್ಕ ಇಣುಕಿದರು. "ಅದು ಪಾಸ್ಟರ ಮನಿ ಅಮ್ಮಾರನ್ನ ಬಿಟ್ಟು ಯಾರ ಮುಟ್ಟಿದ್ರೂ ಒದಿತೈತ್ರಿ. ಅವರು ಹಾಲ ಹಿಂಡು ಮುಂದ ಉಡು ಸೀರಿ ಗೂಟಕ್ಕ ಐತಿ ನೋಡ್ರಿ. ಉಟಗೊಂಡ ಕುಂದರ್ರಿ, ವಾಸನಿಗೆ ಹಾಲ ಬಿಡತೈತಿ."

ನಾನು ಹೆಂಡತಿಯ ಕಡೆ ನೋಡಿದೆ. ನಿಪ್ಪಾಣಿ ಪ್ಯಾಟಿಯಲ್ಲಿ ಬೆಳೆದ ಆಕೆ ಎಮ್ಮೆಯಿಂದ ಎರಡು ಮಾರು ದೂರ ಸರಿದು, "ಶಬ್ದ ನಿಮ್ಮದು, ಸೀರಿನೂ ನೀವ ಉಡ್ರಿ," ಎಂದಳು.

ಉಟ್ಟೆ. ತಲೆಯ ಮೇಲೆ ಸೆರಗನ್ನೂ ಹೊದ್ದೆ. ಎಮ್ಮೆ ಒಮ್ಮೆ ಮೂಸಿತು, ನಿಟ್ಟುಸಿರು ಬಿಟ್ಟಿತು, ಆಮೇಲೆ ಹಾಲು ಬಿಟ್ಟಿತು! ಕ್ರಮೇಣ ನನ್ನ ಹೆಜ್ಜೆಯ ಸಪ್ಪಳಕ್ಕೇ ಕಿವಿ ನಿಮಿರಿಸತೊಡಗಿತು. ನಾನು ಮೈ ತಿಕ್ಕುವುದೇನು, ಕಬ್ಬಿನ ತುದಿಯ ಹಸಿರು ವಾಡೆ ತಿನ್ನಿಸುವುದೇನು! ಹೆಂಡತಿಗೆ ಹೊಟ್ಟೆಕಿಚ್ಚಾಗುವಷ್ಟು ಉಪಚಾರ ನಡೆಯಿತು.

ಒಂದು ಬೆಳಿಗ್ಗೆ ಪಾಸ್ಟರ್ ದಂಪತಿ ಹೇಳದೆ ಕೇಳದೆ ಬಂದು ನಿಂತರು. ತುಂಬಿದ ಬಕೆಟ್ ಹಿಡಿದು, ಸೀರೆಯಲ್ಲೇ ಎದುರಿಗೆ ಓಡಿದೆ. "ಬರ್ರಿ ಬರ್ರಿ! ನಮ್ಮ ಎಮ್ಮಿ ಇವತ್ತ ಎಷ್ಟ ಹಾಲ ಕೊಟ್ಟೈತಿ ನೋಡ್ರಿ!"

ಪಾಸ್ಟರ್ ನನ್ನನ್ನು ಸೆರಗಿನಿಂದ ಪಾದದವರೆಗೆ ನೋಡಿ, ಮೆತ್ತಗೆ ಕೇಳಿದರು: "ಯಾರ ಎಮ್ಮಿರಿ, ಮಾಸ್ತರ?"

ಧೋತರದ ಮೇಲೆ ಉಟ್ಟಿದ್ದ ಸೀರೆಯನ್ನು ಅಲ್ಲೇ ಬಿಚ್ಚಿ ಕೊಟ್ಟೆ. 'ನಿಮ್ಮದರಿ' ಎನ್ನಲು ಮಾತ್ರ ಬಹಳ ಹೊತ್ತು ಹಿಡಿಯಿತು.